ಮೂಸ್ ಟ್ಯಾಗ್‌ನ ಸರದಿ ಸಾಲು

ಕೆನಡಾದ ಒಂಟಾರಿಯೊ ಪ್ರಾಂತ್ಯ 2021ರಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಯ ಟ್ಯಾಗ್, ಅಂದರೆ ಒಂದು ಪ್ರಾಣಿಯನ್ನು ಹೊಡೆಯಲು ಕೊಡುವ ಅನುಮತಿ ಚೀಟಿ, ಹಂಚುವ ಕ್ರಮವನ್ನೇ ಬದಲಾಯಿಸಿತು. ಅದುವರೆಗೆ ನಡೆಯುತ್ತಿದ್ದುದು ಲಾಟರಿ. ದೊಡ್ಡ ಗುಂಪು ಕಟ್ಟಿಕೊಂಡವರಿಗೆ ಅದರಲ್ಲಿ ಅನುಕೂಲ, ಒಂಟಿಯಾಗಿ ಅರ್ಜಿ ಹಾಕಿದವರಿಗೆ ಎಷ್ಟೋ ವರ್ಷ ಬರಿಗೈ. ಈಗ ಟ್ಯಾಗ್ ಸಿಗದ ವರ್ಷಕ್ಕೊಂದು ಪಾಯಿಂಟ್ ಜಮೆಯಾಗುತ್ತದೆ. ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲ ಅವಕಾಶ. ಟ್ಯಾಗ್ ಪಡೆದುಕೊಂಡರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಕಾದವರಿಗೆ ಇದು ನ್ಯಾಯವೇ. ಆದರೆ ಈ ಸುಧಾರಣೆಯ ನಿಜವಾದ ಸಾಧನೆ ಮರಿಗಳ ವಿಷಯದಲ್ಲಿದೆ. 1983ರಿಂದ ಗಂಡಿಗೂ ಹೆಣ್ಣಿಗೂ ಟ್ಯಾಗ್ ಮಿತಿಯಿತ್ತು. ಮರಿಯನ್ನು ಮಾತ್ರ ಲೈಸೆನ್ಸ್ ಇದ್ದ ಯಾರು ಬೇಕಾದರೂ ಹೊಡೆಯಬಹುದಿತ್ತು. ಮರಿಗಳಲ್ಲಿ ಬಹಳಷ್ಟು ಹೇಗೂ ಮೊದಲ ವರ್ಷ ದಾಟುವುದಿಲ್ಲ, ಈಯುವ ಹೆಣ್ಣು ಉಳಿದರೆ ಸಾಕು ಎಂಬುದು ಆಗಿನ ತರ್ಕ. ಮೂಸ್ ಸಮೃದ್ಧವಾಗಿದ್ದಾಗ ಅದು ಒಪ್ಪುವ ಮಾತು. ಸಂಖ್ಯೆ ಇಳಿಮುಖವಾದ ಕಾಡಿನಲ್ಲಿ ಹಾಗಲ್ಲ: ತೋಳ, ಕರಡಿ, ಉಣುಗು, ರೋಗ ಎಲ್ಲದರಿಂದಲೂ ತಪ್ಪಿಸಿಕೊಂಡು ಶರತ್ಕಾಲದವರೆಗೆ ಬದುಕಿದ ಮರಿಯೇ ಮುಂದಿನ ತಾಯಿ. ಅದನ್ನೂ ಟ್ಯಾಗ್ ಲೆಕ್ಕಕ್ಕೆ ತಂದದ್ದು ತಡವಾಗಿ ಬಂದ ವಿವೇಕ. ಬೇಟೆಗಾರರು ಗೊಣಗಿದರೂ ನಾನು ಇದರ ಪರ.

ಬೆಲೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಹೊಸ ಕ್ರಮ ಬಂದಾಗ ಅರ್ಜಿಗೆ 15 ಡಾಲರ್, ಲೈಸೆನ್ಸ್‌ಗೆ 35, ಮರಿಯ ಟ್ಯಾಗ್‌ಗೆ 30, ಗಂಡಿನದಕ್ಕೆ 200. ಟ್ಯಾಗ್ ಸಿಕ್ಕವರೇ ದೊಡ್ಡ ಮೊತ್ತ ಕೊಡಲಿ ಎಂಬ ವಾದ ಸರಿ. ಆದರೂ ಮಾಂಸಕ್ಕಾಗಿಯೇ ಕಾಡಿಗೆ ಹೋಗುವ ಬಡ ಕುಟುಂಬಕ್ಕೆ ಆ 200 ಹಗುರವಲ್ಲ. ಹೆಚ್ಚು ಬೇಡಿಕೆಯ ಬೇಟೆ ವಲಯಗಳಲ್ಲಿ ಇನ್ನೊಂದು ತೊಡಕಿದೆ. ಹಳಬರ ಸಾಲು ಕರಗುವಷ್ಟು ಟ್ಯಾಗ್ ಇಲ್ಲದಿದ್ದರೆ, ಈಗ ತಾನೇ ಬಂದೂಕು ಹಿಡಿದ ಹುಡುಗಿಯ ಪಾಯಿಂಟ್ ಏರುತ್ತಲೇ ಇರುತ್ತದೆ, ಸರದಿ ಮಾತ್ರ ಬರುವುದಿಲ್ಲ. ಒಂದು ಟ್ಯಾಗ್‌ನಡಿ ಹಲವರು ಜೊತೆಯಾಗಿ ಬೇಟೆಯಾಡಲು ಅವಕಾಶವಿರುವುದರಿಂದ ಹೊಸಬರು ಹಿರಿಯರ ಜೊತೆ ಕಲಿಯಬಹುದು, ನಿಜ. ಅಂಥ ಹಿರಿಯರು ಪರಿಚಯವಿಲ್ಲದ ವಲಸಿಗರ ಗತಿ? ಪ್ರತಿ ವಲಯದಲ್ಲೂ ಒಂದು ಸಣ್ಣ ಪಾಲು ಲಾಟರಿಗೇ ಉಳಿಯಬೇಕಿತ್ತು.

ಹಂಚಿಕೆಯ ಮಾತು ಬಂದಾಗ ಮರೆಯಬಾರದ ಮೊಕದ್ದಮೆಯೊಂದಿದೆ. 1993ರಲ್ಲಿ ಸೂ ಸೇಂಟ್ ಮೇರಿ ಬಳಿ ಮೆಟೀ ಎಂಬ ಮೂಲನಿವಾಸಿ ಸಮುದಾಯದ ಸ್ಟೀವ್ ಪೌಲಿ ಮತ್ತು ಅವರ ಮಗ ಲೈಸೆನ್ಸ್ ಇಲ್ಲದೆ ಒಂದು ಮೂಸ್ ಹೊಡೆದರು. ಸರ್ಕಾರಿ ಟ್ಯಾಗ್ ಬದಲು, ಇದು ಚಳಿಗಾಲದ ಮಾಂಸ ಎಂದು ಕೈಬರಹದ ಚೀಟಿಯೊಂದನ್ನು ಅದಕ್ಕೆ ಸಿಕ್ಕಿಸಿದರು. 2003ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿಯಿತು. ಹಾಗಾಗಿ ಮೂಲನಿವಾಸಿಗಳ ಪಾಲನ್ನು ಮೊದಲು ತೆಗೆದಿರಿಸಿ, ಉಳಿದದ್ದನ್ನಷ್ಟೇ ಪಾಯಿಂಟ್ ಸಾಲಿಗೆ ಹಂಚುವುದು ಸರಿಯಾದ ಕ್ರಮ. ಅದಕ್ಕೆ ಕಾಡಿನಲ್ಲಿ ಎಷ್ಟು ಮೂಸ್ ಇವೆ ಎಂಬುದು ಗೊತ್ತಿರಬೇಕು. ಹಿಮ ಬಿದ್ದ ಮೇಲೆ ವಿಮಾನ, ಹೆಲಿಕಾಪ್ಟರ್‌ಗಳಿಂದ ನಡೆಯುವ ಎಣಿಕೆ ಎಲ್ಲ ವಲಯಗಳಿಗೂ ಪ್ರತಿವರ್ಷ ಆಗುವುದಿಲ್ಲ. ಟ್ಯಾಗ್‌ನಿಂದ ಬರುವ ಹಣವನ್ನು ಮೊದಲು ಅಲ್ಲಿಗೆ ಹಾಕಬೇಕು.