ಬೇರರ್ ಚೆಕ್ಕಾದ ಘೋಷಣೆ

ಪರಊರಿನಲ್ಲಿ ಇದ್ದವರಿಗೆ ಒಂದು ಅಭ್ಯಾಸ ಆಗಿಬಿಡುತ್ತದೆ. ಮಾತಿನ ಅರ್ಥಕ್ಕಿಂತ ಮೊದಲು ದನಿ ಕಿವಿಗೆ ಬೀಳುತ್ತದೆ. ಕೂಗುವವನದು ಸಿಟ್ಟೋ, ಸಂಕಟವೋ, ಬರೀ ಬಾಯಿಮಾತೋ ಅಂತ ಮೊದಲು ತಿಳಿಯುತ್ತದೆ, ಪದಗಳು ಆಮೇಲೆ. ಭಾಷಣದ ತುಣುಕನ್ನೇ ತಾಳಕ್ಕೆ ಕೂರಿಸುವ ಪ್ರತಿಭಟನೆಯ ಹಾಡನ್ನು ಅಳೆಯಲು ಈ ಕಿವಿ ಉಪಯೋಗಕ್ಕೆ ಬರುತ್ತದೆ.

2016ರ ಫೆಬ್ರುವರಿಯಲ್ಲಿ ದೆಹಲಿಯ ಜೆಎನ್‌ಯು ವಿದ್ಯಾರ್ಥಿ ನಾಯಕ ಕನ್ಹಯ್ಯಾ ಕುಮಾರ್ ದೇಶದ್ರೋಹದ ಆರೋಪದಲ್ಲಿ ಬಂಧಿತರಾದರು. ಮಾರ್ಚಿಯಲ್ಲಿ ಜಾಮೀನು ಸಿಕ್ಕಿತು. ಅವರು ಕೂಗಿದ 'ಆಜಾದಿ' ಘೋಷಣೆಯ ಧ್ವನಿಯನ್ನೇ ತೆಗೆದುಕೊಂಡು ಡಬ್ ಶರ್ಮಾ ಎಂಬ ಸಂಗೀತಗಾರ ಅದೇ ವರ್ಷ ಹಾಡು ಮಾಡಿದರು. ಘೋಷಣೆಯಲ್ಲಿ ತಾಳ ಮೊದಲೇ ಇತ್ತು. ಒಬ್ಬರು ಕೂಗುತ್ತಾರೆ, ಗುಂಪು ಒಂದೇ ಪದದಲ್ಲಿ ಉತ್ತರ ಕೊಡುತ್ತದೆ. ನಮ್ಮ ಭಜನೆಯ ಹಾಗೇ ಅನ್ನಿ.

ಘೋಷಣೆ ಕನ್ಹಯ್ಯಾರ ಸ್ವಂತದ್ದಲ್ಲ. ಸ್ತ್ರೀವಾದಿ ಕಮಲಾ ಭಸೀನ್ ಅದನ್ನು ಪಾಕಿಸ್ತಾನದ ಹೆಣ್ಣುಮಕ್ಕಳಿಂದ ಕಲಿತು ಇಲ್ಲಿಗೆ ತಂದರು. ಯಾವುದರಿಂದ ಬಿಡುಗಡೆ ಎಂಬ ಜಾಗ ಖಾಲಿ. ತುಂಬುವುದು ಕೂಗುವವರ ಹೊಣೆ. ಭಸೀನ್ ಅಲ್ಲಿ ಗಂಡಾಳ್ವಿಕೆಯನ್ನು ಇಟ್ಟರು. ಕನ್ಹಯ್ಯಾ ಮನುವಾದ, ಸಂಘವಾದ ಅಂತ ಹೆಸರು ಹಿಡಿದೇ ಹೇಳಿದರು.

2019ರಲ್ಲಿ ಜೋಯಾ ಅಖ್ತರ್ ಅವರ 'ಗಲ್ಲಿ ಬಾಯ್' ಚಿತ್ರಕ್ಕೆ ಇದೇ ಹಾಡು ಬಂತು, ರ‍್ಯಾಪರ್ ಡಿವೈನ್ ಜೊತೆಗೂಡಿ. ಬೀಟು ಚೆನ್ನಾಗಿದೆ, ಕಾಲು ತಾನಾಗಿ ಕುಣಿಯುತ್ತದೆ. ಆದರೆ ಆ ಹೆಸರುಗಳು ಹೋಗಿ, ಯಾರೂ ಬೇಡ ಅನ್ನಲಾರದ ಹಸಿವಿನಂಥ ಮಾತು ಉಳಿಯಿತು. ಫಲ ಏನಾಯಿತು ನೋಡಿ. ಆ ಚುನಾವಣೆಯ ವರ್ಷ ಬಿಜೆಪಿಯವರೂ ಕಾಂಗ್ರೆಸ್ಸಿನವರೂ ಅದನ್ನೇ ಪರಸ್ಪರರ ವಿರುದ್ಧ ಬಳಸಿದರು! ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ ಇದು ಬೇರರ್ ಚೆಕ್ಕು. ಕೈಯಲ್ಲಿ ಹಿಡಿದವನಿಗೆ ದುಡ್ಡು.

ಸಿದ್ಧಲಿಂಗಯ್ಯನವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಯಾರು ಹಾಡಿದರೂ ಹರಿತ ಕಡಿಮೆಯಾಗಲಿಲ್ಲ, ಯಾಕೆಂದರೆ ಯಾರನ್ನು ಕೇಳುತ್ತಿದ್ದೇವೆ ಎಂಬುದು ಪದದಲ್ಲೇ ಇತ್ತು. ನಾನಿರುವ ಅಹಮದಾಬಾದಿನ ನವರಂಗಪುರದ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 1973ರ ಡಿಸೆಂಬರಿನಲ್ಲಿ ಏರಿದ ಮೆಸ್ ಬಿಲ್ಲಿನ ವಿರುದ್ಧ ಎದ್ದ ಹುಡುಗರ ಸಿಟ್ಟು ನವನಿರ್ಮಾಣ ಚಳವಳಿಯಾಗಿ ಬೆಳೆಯಿತು. 1974ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರು ರಾಜೀನಾಮೆ ಕೊಟ್ಟರು. ಅಲ್ಲೂ ಬಿಲ್ಲಿಗೊಂದು ವಿಳಾಸವಿತ್ತು.

ಕನ್ಹಯ್ಯಾ 2021ರಲ್ಲಿ ಸಿಪಿಐ ಬಿಟ್ಟು ಕಾಂಗ್ರೆಸ್ ಸೇರಿದರು. ಮನುಷ್ಯ ಪಕ್ಷ ಬದಲಿಸಬಹುದು. ಮುದ್ರಿತ ದನಿ ಬದಲಿಸುವುದಿಲ್ಲ. 2016ರ ಆ ಒರಟು ಹಾಡು ಈಗಲೂ ತನ್ನ ತಾರೀಖು, ವಿಳಾಸ ಹೇಳುತ್ತದೆ. ಚಿತ್ರದ ಹಾಡು ಅದಕ್ಕಿಂತ ಬಹಳ ಜನರನ್ನು ಮುಟ್ಟಿತು, ನಿಜ. ಮುಟ್ಟಿದ್ದು ಯಾರನ್ನೂ ಚುಚ್ಚಲಿಲ್ಲ.