ನಗೆಯ ತರಗತಿಯಲ್ಲಿ ಇಂಗ್ಲಿಷು

ಪರಭಾಷೆಯ ದಿನಬಳಕೆಯ ಮಾತನ್ನು ನಗೆನಾಟಕಗಳ ಮೂಲಕ ಕಲಿಯುವ ಪದ್ಧತಿಯು ಈಗ ರೂಢಿಗೆ ಬಂದಿದೆ. ವ್ಯಾಕರಣದ ಪುಸ್ತಕವನ್ನು ಮುಚ್ಚಿಟ್ಟು, ಯೂಟ್ಯೂಬಿನಲ್ಲಿ ಹಳೆಯ ಬ್ರಿಟಿಷ್ ಹಾಸ್ಯಧಾರಾವಾಹಿಗಳ ವಿಡಿಯೋಗಳನ್ನು ನೋಡಿ ಇಂಗ್ಲಿಷನ್ನು ಅಭ್ಯಸಿಸುವವರು ಉಂಟು. ನಗುತ್ತ ಕಲಿತದ್ದು ಮರೆಯದೆಂಬುದು ಅವರ ನಂಬಿಕೆ. ಈ ನಂಬಿಕೆಯಲ್ಲಿ ತಿರುಳಿದೆ. ಆದರೆ ನಗೆಯು ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಈ ಪದ್ಧತಿಗೆ ಬೆಲೆಕಟ್ಟಲಾಗದು.

ಭರತನು ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ವಿಕೃತವೇಷ, ಅಸತ್ಪ್ರಲಾಪ ಮೊದಲಾದವುಗಳೊಡನೆ ದೋಷೋದಾಹರಣವನ್ನೂ, ಎಂದರೆ ತಪ್ಪನ್ನು ಎತ್ತಿ ಹೇಳುವುದನ್ನೂ, ಹೆಸರಿಸಿದ್ದಾನೆ. ಭಾಷೆಯನ್ನು ಕಲಿಸುವ ಉಪಾಧ್ಯಾಯನ ಕೆಲಸವೂ ಒಂದು ಬಗೆಯ ದೋಷೋದಾಹರಣವೇ. ಉಪಾಧ್ಯಾಯನು ತಿದ್ದುವುದಕ್ಕಾಗಿ ತಪ್ಪನ್ನು ತೋರುತ್ತಾನೆ. ವಿದೂಷಕನು ನಗಿಸುವುದಕ್ಕಾಗಿ ತೋರುತ್ತಾನೆ. ಈ ಎರಡು ಉದ್ದೇಶಗಳೂ ಒಂದೇ ಕೊಠಡಿಯಲ್ಲಿ ಕೂಡಿದ ಪ್ರಸಿದ್ಧ ಉದಾಹರಣೆಯೆಂದರೆ ‘ಮೈಂಡ್ ಯುವರ್ ಲ್ಯಾಂಗ್ವೇಜ್’.

ವಿನ್ಸ್ ಪಾವೆಲ್ ರೂಪಿಸಿದ ಈ ಧಾರಾವಾಹಿಯನ್ನು ಲಂಡನ್ ವೀಕೆಂಡ್ ಟೆಲಿವಿಷನ್ ಸಂಸ್ಥೆಯು 1977ರ ಡಿಸೆಂಬರಿನಿಂದ 1979ರವರೆಗೆ 29 ಕಂತುಗಳಲ್ಲಿ ನಿರ್ಮಿಸಿತು. ಲಂಡನ್ನಿನ ಒಂದು ಸಂಜೆಯ ಶಾಲೆ. ಬ್ಯಾರಿ ಇವಾನ್ಸ್ ಅಭಿನಯಿಸಿದ ಜೆರೆಮಿ ಬ್ರೌನ್ ಎಂಬ ಸಾಧುಸ್ವಭಾವದ ಉಪಾಧ್ಯಾಯ. ಇಟಲಿ, ಗ್ರೀಸ್, ಸ್ಪೇನ್, ಜಪಾನ್, ಚೀನಾ, ಭಾರತ, ಪಾಕಿಸ್ತಾನ ಮುಂತಾದ ದೇಶಗಳಿಂದ ಬಂದ ವಯಸ್ಕ ವಿದ್ಯಾರ್ಥಿಗಳು. ಪಾಕಿಸ್ತಾನದ ಅಲಿ ನದೀಮನು ‘ಎಕ್ಸ್‌ಕ್ಯೂಸ್ ಮಿ’ ಎನ್ನಬೇಕಾದೆಡೆಯಲ್ಲಿ ‘ಸ್ಕ್ವೀಜ್ ಮಿ’ ಎನ್ನುತ್ತಾನೆ. ಕ್ಷಮಿಸಿರೆಂದು ಕೇಳಬೇಕಾದವನು ತನ್ನನ್ನು ಹಿಂಡಿರೆಂದು ಕೇಳಿದಂತಾಯಿತು. ಇದಕ್ಕೆ ನಗಬೇಕಾದರೆ ನೋಡುವವನಿಗೆ ಎರಡು ಪದಗಳ ಅರ್ಥವೂ ತಿಳಿದಿರಬೇಕು. ನಗೆ ಬಾರದಿದ್ದಲ್ಲಿ, ತಾನು ಯಾವ ಪದವನ್ನು ಅರಿಯೆನೆಂಬುದು ಅವನಿಗೆ ಆಗಲೇ ಗೊತ್ತಾಗುತ್ತದೆ. ನಿಘಂಟು ಪದಕ್ಕೆ ಅರ್ಥವನ್ನು ಕೊಡುತ್ತದೆ. ಇಂತಹ ಪ್ರಸಂಗವು ಪದಕ್ಕೆ ಸಂದರ್ಭವನ್ನೂ ಸ್ವರವನ್ನೂ ಮುಖಭಾವವನ್ನೂ ಕೂಡಿಸಿಕೊಡುತ್ತದೆ.

ಕನ್ನಡಿಗನಿಗೆ ಇದರಿಂದ ಒಂದು ವಿಶೇಷ ಲಾಭವುಂಟು. ಕನ್ನಡದಲ್ಲಿ ಮರ್ಯಾದೆಯು ಕ್ರಿಯಾಪದದ ಪ್ರತ್ಯಯದಲ್ಲಿಯೇ ಅಡಗಿದೆ. ‘ಬಾ’ ಎಂಬುದು ‘ಬನ್ನಿ’ ಎಂದಾದೊಡನೆ ಗೌರವವು ಸಂದುಹೋಗುತ್ತದೆ. ‘ದಯವಿಟ್ಟು’ ಎಂಬುದು ಮನೆಯ ಮಾತಿನಲ್ಲಿ ಅಪರೂಪ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ. ‘ಪ್ಲೀಸ್’, ‘ಸಾರಿ’, ‘ಥ್ಯಾಂಕ್ ಯೂ’ ಎಂಬ ಬಿಡಿಮಾತುಗಳು ಆ ಹೊರೆಯನ್ನು ಹೊರಬೇಕು. ಅವನ್ನು ಬಿಟ್ಟರೆ ಮಾತು ಅಪ್ಪಣೆಯಾಗುತ್ತದೆ. ಅತಿಯಾಗಿ ಬಳಸಿದರೆ ನಗೆಪಾಟಲಾಗುತ್ತದೆ. ಪ್ರತಿಯೊಂದಕ್ಕೂ ಸಾವಿರ ಕ್ಷಮೆಗಳನ್ನು ಕೋರುವ ರಂಜೀತ್ ಸಿಂಗನ ಪಾತ್ರದಲ್ಲಿ ಈ ಅತಿರೇಕವು ಕಾಣುತ್ತದೆ. ಎಷ್ಟು ವಿನಯವು ಸಾಕೆಂಬುದನ್ನು ವ್ಯಾಕರಣಗ್ರಂಥವು ಇಷ್ಟು ಸುಲಭವಾಗಿ ಕಲಿಸಲಾರದು.

ಆದರೆ ಈ ಕೃತಿಯ ದೋಷವೂ ಅದರ ಗುಣದ ಮಗ್ಗುಲಲ್ಲಿಯೇ ಇದೆ. ಅಲ್ಲಿಯ ವಿದ್ಯಾರ್ಥಿಗಳು ಕಲಿಯುವುದೇ ಇಲ್ಲ. ಕಲಿತರೆ ನಗೆಯು ನಿಲ್ಲುವುದರಿಂದ, 29 ಕಂತುಗಳುದ್ದಕ್ಕೂ ಅವೇ ತಪ್ಪುಗಳು ಬೇಕಾಗುತ್ತವೆ. ವ್ಯಕ್ತಿಗಳ ಬದಲು ದೇಶದೇಶಗಳ ಸಿದ್ಧ ಅಚ್ಚುಗಳು ಬೆಂಚಿನ ಮೇಲೆ ಕುಳಿತಿವೆ. ಈ ಆಕ್ಷೇಪದಿಂದಲೇ ಸಂಸ್ಥೆಯ ಅಧಿಕಾರಿ ಮೈಕೇಲ್ ಗ್ರೇಡ್ ಅವರು 1979ರಲ್ಲಿ ಅದನ್ನು ನಿಲ್ಲಿಸಿದರು. ಭಾರತದ ಕಲಿಕೆಗಾರನು ಇದನ್ನು ನೋಡುವಾಗ ಪದದೊಡನೆ ಇನ್ನೊಂದನ್ನೂ ಕಲಿಯುತ್ತಾನೆ: ತನ್ನ ಉಚ್ಚಾರಣೆಯೇ ಹಾಸ್ಯಾಸ್ಪದವೆಂಬ ಭಾವನೆಯನ್ನು.

ಹಾಸ್ಯವು ಹೀಗೆಯೇ ಆಗಬೇಕೆಂದೇನೂ ಇಲ್ಲ. ಬಿಬಿಸಿಯು 1975 ಮತ್ತು 1979ರಲ್ಲಿ 12 ಕಂತುಗಳಲ್ಲಿ ಪ್ರಸಾರಮಾಡಿದ ‘ಫಾಲ್ಟಿ ಟವರ್ಸ್’ ಎಂಬುದರಲ್ಲಿ ಮ್ಯಾನ್ಯುಯೆಲ್ ಎಂಬ ಸ್ಪೇನಿನ ಮಾಣಿಯುಂಟು. ಅವನ ತೊಡಕು ಮಾತಿಗೂ ಪ್ರೇಕ್ಷಕರು ನಗುವುದು ದಿಟ. ಆದರೆ 1975ರ ‘ದಿ ಜರ್ಮನ್ಸ್’ ಎಂಬ ಕಂತಿನಲ್ಲಿ ಅವನು ಹೋಟೆಲಿನ ಮೇಜಿನ ಮರೆಯಲ್ಲಿ ತಾನು ಪುಸ್ತಕದಿಂದ ಕಲಿತ ಇಂಗ್ಲಿಷನ್ನು ಅಭ್ಯಾಸಮಾಡುತ್ತಿರುತ್ತಾನೆ. ಮೇಜಿನ ಮೇಲೆ ಮೂಸ್ ಎಂಬ ಮೃಗದ ತಲೆಯಿದೆ. ಅಲ್ಲಿಯೇ ವಾಸಿಸುವ ವೃದ್ಧ ಮೇಜರನು ಮೃಗವೇ ಮಾತನಾಡುತ್ತಿದೆಯೆಂದು ಬೆರಗಾಗುತ್ತಾನೆ. ಇಲ್ಲಿ ನಗೆಯು ಕಲಿಯುವವನನ್ನು ಬಿಟ್ಟು ಕೇಳುವವನ ಮೇಲೆ ಬೀಳುತ್ತದೆ. ಧಾರಾವಾಹಿಯ ಬಹುಪಾಲು ನಗೆಗೆ ಗುರಿ, ತನ್ನದೇ ಭಾಷೆಯನ್ನು ಬೈಗಳಿಗೆ ಬಳಸುವ ಹೋಟೆಲಿನ ಯಜಮಾನ ಬೇಸಿಲ್.

ಕನ್ನಡ ರಂಗಭೂಮಿಗೆ ಈ ವಿವೇಕವು ಹೊಸದಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿಬಂದ ಟಿ. ಪಿ. ಕೈಲಾಸಂ ಅವರು ಇಂಗ್ಲಿಷು ಬೆರೆತ ಕನ್ನಡವನ್ನೇ ನಾಟಕದ ಜೀವಾಳವಾಗಿಸಿಕೊಂಡರು. ಅಲ್ಲಿ ಇಂಗ್ಲಿಷು ಬಾರದವನು ನಗೆಗೆ ಈಡಾಗುವುದಕ್ಕಿಂತ, ಇಂಗ್ಲಿಷಿನಿಂದ ದೊಡ್ಡಸ್ತಿಕೆಯನ್ನು ಮೆರೆಯಿಸುವವನು ಈಡಾಗುವುದೇ ಹೆಚ್ಚು.

ಈ ವಿಚಾರವು ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ. ‘ಮೈಂಡ್ ಯುವರ್ ಲ್ಯಾಂಗ್ವೇಜ್’ನ ಅಚ್ಚಿನಲ್ಲಿಯೇ 1993ರಲ್ಲಿ ದೂರದರ್ಶನದಲ್ಲಿ ಪಂಕಜ್ ಕಪೂರ್ ಅಭಿನಯದ ‘ಜಬಾನ್ ಸಂಭಾಲ್ ಕೇ’ ಬಂದಿತು. ಅಲ್ಲಿ ಕಲಿಸಿದ್ದು ಹಿಂದಿಯನ್ನು. ಹೊರನಾಡಿನ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ಮಾತು. ಪರಸ್ಥಳದಲ್ಲಿ ಹುಟ್ಟಿದ ಮಗುವು ‘ಅಜ್ಜಿ ಬಂದನು’ ಎಂದಾಗ ಮನೆಮಂದಿಯೆಲ್ಲ ನಕ್ಕರೆ, ಮಗುವು ಮರುದಿನ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರಿಸುತ್ತದೆ.

ಆದಕಾರಣ ಹಾಸ್ಯದ ವಿಡಿಯೋಗಳನ್ನು ಪಾಠಕ್ಕೆ ಬಳಸುವವರು ಆಯ್ಕೆಯಲ್ಲಿ ಎಚ್ಚರವಹಿಸಬೇಕು. ಒಂದು ಸಣ್ಣ ಪ್ರಸಂಗವನ್ನು ಎರಡು ಮೂರು ಸಲ ನೋಡಿ, ನಗೆಗೆ ಕಾರಣವಾದ ಪದವನ್ನು ಗುರುತಿಸಿ, ಸರಿಯಾದ ವಾಕ್ಯವನ್ನು ಗಟ್ಟಿಯಾಗಿ ನುಡಿದ ಮೇಲೆಯೇ ಮುಂದಕ್ಕೆ ಹೋಗಬೇಕು. ತಪ್ಪಿಗೆ ನಕ್ಕು ಅಷ್ಟಕ್ಕೇ ಬಿಟ್ಟರೆ ನೆನಪಿನಲ್ಲಿ ಉಳಿಯುವುದು ತಪ್ಪೇ.