ಬರಲಾಗದವರ ಮಾತು

ಕಳೆದ ಮಾಘದಲ್ಲಿ ಕೆ.ಆರ್. ನಗರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹುಣಸೂರಿನಿಂದ ಬೆಳಗಿನ ಬಸ್ಸು ಹಿಡಿದು ಧಾರೆಯ ಹೊತ್ತಿಗೆ ಛತ್ರ ಸೇರಬೇಕೆಂದು ಸೀರೆ ಎತ್ತಿಟ್ಟಿದ್ದೆ. ಎದ್ದಾಗ ಬೆರಳು ಮಡಚಲಾಗಲಿಲ್ಲ. ಐದು ವರ್ಷಗಳಿಂದ ಜೊತೆಗಿರುವ ರುಮಟಾಯ್ಡ್ ಸಂಧಿವಾತ ಕೀಲುಗಳನ್ನು ಹೆಚ್ಚು ಬಿಗಿಯುವುದು ಬೆಳಗಿನ ಹೊತ್ತು. ನಮ್ಮ ಕಡೆಯ ಮುಹೂರ್ತಗಳಿರುವುದೂ ಸಾಮಾನ್ಯವಾಗಿ ಆಗಲೇ. ಫೋನ್ ಮಾಡಿ ಹೇಳಿದರೆ ಚಿಕ್ಕಮ್ಮ, "ನೆನ್ನೆ ರಾತ್ರಿ ಚೆನ್ನಾಗೇ ಮಾತಾಡಿದ್ಯಲ್ಲವ್ವ" ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಅನುಮಾನವಿತ್ತು.

ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಸಂಶೋಧನೆಗಾಗಿ ಮತ್ತೆ ಓದುವಾಗ ಆ ದನಿ ಕಿವಿಯಲ್ಲೇ ಇತ್ತು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಒಳಗಾದ ಕಾವೇರಿ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ವೈದ್ಯರ ಲೆಕ್ಕದಲ್ಲಿ ಕಾಯಿಲೆ ಮುಗಿದಿದೆ. ಸುತ್ತಲಿನವರ ಲೆಕ್ಕದಲ್ಲಿ ಮುಗಿದಿಲ್ಲ. ಅವಳ ಸಿಟ್ಟು ಬೇರೆ ಹೆಂಗಸರ ಸಿಟ್ಟಿನಂತಲ್ಲ, ಅದು ಹುಚ್ಚಿನ ಗುರುತು. ಈ ಕೃತಿಯನ್ನು ಕಳಂಕದ ಕತೆ, ಗಂಡನ ದ್ರೋಹದ ಕತೆ ಎಂದು ಓದುವುದು ರೂಢಿ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್‌ನಲ್ಲಿ ಹುಟ್ಟಿದ ಪುಟ್ಟಣ್ಣನವರು 1971ರಲ್ಲಿ ತೆರೆಗೆ ತಂದ ಸಿನಿಮಾ, ಅದರಲ್ಲಿ ಕಲ್ಪನಾ ಅವರ ಅಭಿನಯ, ಆ ಓದನ್ನು ಮತ್ತಷ್ಟು ಗಟ್ಟಿ ಮಾಡಿತು.

ಆ ಓದು ತಪ್ಪಲ್ಲ. ಆದರೆ ಕಾವೇರಿ ಕಳೆದುಕೊಳ್ಳುವ ಇನ್ನೊಂದಿದೆ: ತನ್ನ ದೇಹ, ಮನಸ್ಸುಗಳ ಬಗ್ಗೆ ತಾನೇ ಸಾಕ್ಷಿ ಹೇಳುವ ಹಕ್ಕು. 'ಚೆನ್ನಾಗಿದ್ದೇನೆ' ಎಂಬ ಅವಳ ಮಾತನ್ನು ಯಾರೂ ನಂಬುವುದಿಲ್ಲ. 'ಚೆನ್ನಾಗಿಲ್ಲ' ಎಂಬ ನನ್ನ ಮಾತಿಗೂ ಅದೇ ಗತಿ. ಮಾತು ತಿರುವುಮುರುವಾದರೂ ತೀರ್ಪು ಕೊಡುವವರು ಅವರೇ.

ಅನಂತಮೂರ್ತಿಯವರ 'ಸಂಸ್ಕಾರ'ದ (1965) ಭಾಗೀರಥಿಯದು ಇದಕ್ಕಿಂತ ಮೌನದ ಪಾಡು. ಬೇರೆ ಮದುವೆಯಾಗಿ ಎಂದು ಅವಳೇ ಗಂಡನಿಗೆ ಹೇಳುತ್ತಾಳೆ. ಪ್ರಾಣೇಶಾಚಾರ್ಯರಿಗೆ ಅವಳ ಕಾಯಿಲೆ ತಮ್ಮ ತ್ಯಾಗದ ಅಳತೆಗೋಲು. ನಮ್ಮ ವಿಮರ್ಶೆ ಆಚಾರ್ಯರ ಹಿಂದೆ ಅಗ್ರಹಾರ ದಾಟಿ ಜಾತ್ರೆಯವರೆಗೂ ನಡೆಯಿತು. ಮಲಗಿದ್ದವಳಿಗೆ ಯಾವ ಜಾತ್ರೆಗೆ ಹೋಗುವ ಆಸೆಯಿತ್ತು ಎಂದು ಕೇಳಿದ್ದು ಕಡಿಮೆ.

'ಶರಪಂಜರ'ದ ಬಗ್ಗೆ ನನ್ನ ತಕರಾರು ಅದರ ಕೊನೆಯ ಕುರಿತು. ಅನುಮಾನವೇ ಕಾಯಿಲೆಯನ್ನು ಮರಳಿ ತರಬಲ್ಲದು ಎಂದು ತೋರಿಸಿದ್ದು ತ್ರಿವೇಣಿಯವರ ದೊಡ್ಡ ಸಾಧನೆ. ಆದರೆ ಕಾವೇರಿ ಮತ್ತೆ ಕುಸಿದಾಗ ಅನುಮಾನಿಸಿದವರ ಭವಿಷ್ಯವೇ ನಿಜವಾಗುತ್ತದೆ; ನಾವು ಅತ್ತು ಹಗುರಾಗುತ್ತೇವೆ. ಅವಳು ಕುಸಿಯದೆ, ಆಗಾಗ ರೇಗುತ್ತ, ಕೆಲವು ದಿನ ಸೋಲುತ್ತ ಅದೇ ಮನೆಯಲ್ಲಿ ಬಾಳಿದ್ದರೆ? ಆಗ ಅವಳನ್ನು ದಿನವೂ ನಂಬಬೇಕಾಗುತ್ತಿತ್ತು. ದೀರ್ಘ ಕಾಯಿಲೆಯವರ ಬದುಕು ಹೆಚ್ಚಾಗಿ ಹಾಗೆಯೇ ಸಾಗುತ್ತದೆ. ಅದಕ್ಕೆ ದುರಂತದ ಕಳೆ ಇಲ್ಲ. ಒಪ್ಪಿಕೊಂಡ ಊಟಗಳು, ತಪ್ಪಿದ ಊಟಗಳು, ಮತ್ತೆ ಮತ್ತೆ ಹೇಳಬೇಕಾದ ಅದೇ ಕಾರಣ, ಇಷ್ಟೇ.

ನಾನೀಗ ಧಾರೆಗೆ ಬರುತ್ತೇನೆಂದು ಮಾತು ಕೊಡುವುದಿಲ್ಲ. ಹಿಂದಿನ ಸಂಜೆಯ ಆರತಕ್ಷತೆಗೆ ಪ್ರಯತ್ನಿಸುತ್ತೇನೆ ಎನ್ನುತ್ತೇನೆ. ಅದೂ ತಪ್ಪಬಹುದೆಂದು ಮೊದಲೇ ಹೇಳಿಡುತ್ತೇನೆ. ಮುಂದಿನ ತಿಂಗಳು ಎಚ್.ಡಿ. ಕೋಟೆಯಲ್ಲಿ ಇನ್ನೊಂದು ಮದುವೆಯಿದೆ. ಲಗ್ನಪತ್ರಿಕೆ ಕೊಡಲು ಬಂದ ಅದೇ ಚಿಕ್ಕಮ್ಮ, "ಆದ್ರೆ ಬಾ. ಆಗ್ದಿದ್ರೆ ಫೋನ್ ಮಾಡು, ನಾನೇನೂ ಕೇಳಲ್ಲ" ಅಂದರು. ಕಾವೇರಿಗೆ ಆ ಮನೆಯಲ್ಲಿ ಹಾಗೆ ಹೇಳುವವರಿರಲಿಲ್ಲ.